ಒಂದೇ ಚಿಪ್ಪು ಸಿಕ್ಕರೆ ಹೊಸ ಪ್ರಭೇದವೇ?

ಪರ: ಹೆಸರಿಡಿ, ಕಾಯಬೇಡಿ

ಕಡಲ ಬಸವನಹುಳುವಿನ ಪಳೆಯುಳಿಕೆ ಒಂದೇ ಒಂದು ಸಿಕ್ಕಿದೆ. ಈವರೆಗೆ ವಿವರಿಸಿರುವ ಯಾವುದಕ್ಕೂ ಅದು ತಾಳೆಯಾಗುತ್ತಿಲ್ಲ. ಆಗ ಶುರುವಾಗುತ್ತದೆ ರಾಗ: "ಇನ್ನೊಂದು ಸಿಗಲಿ, ನೋಡೋಣ." ಇವರ ಪ್ರಕಾರ ಒಂದು ಡಜನ್ ಚಿಪ್ಪು ಕೈಸೇರುವ ತನಕ ಆ ಪ್ರಾಣಿ ಬದುಕಿಯೇ ಇರಲಿಲ್ಲ! ಎರಡನೆಯದು ಸಿಗುವಷ್ಟರಲ್ಲಿ ಆ ಪದರವಿದ್ದ ಗುಡ್ಡವೇ ಜಲ್ಲಿಯಾಗಿರುತ್ತದೆ.

ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಇಷ್ಟೇ ಮಾದರಿ ಬೇಕೆಂದು ಎಲ್ಲೂ ಕೇಳುವುದಿಲ್ಲ. ಹೆಸರನ್ನು ಹೊರಲು ಒಂದು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾಗಿ ಆರಿಸಿಟ್ಟ ಒಂದು ಮಾದರಿ, ಸಾಕು. ಅಪರೂಪವೆಂಬುದು ಕಡಲಿನ ಸ್ವಭಾವವೇ. ನ್ಯೂ ಕ್ಯಾಲಿಡೋನಿಯಾದ ಒಂದೇ ತೀರಪ್ರದೇಶವನ್ನು ಜಾಲಾಡಿದಾಗ 2,738 ಮೃದ್ವಂಗಿ ಪ್ರಭೇದಗಳು ಸಿಕ್ಕವು. ಅವುಗಳಲ್ಲಿ ಶೇ. 20ರಷ್ಟಕ್ಕೆ ಸಿಕ್ಕಿದ್ದು ಒಂದೊಂದೇ ಮಾದರಿ. ಜೀವಂತ ಕಡಲೇ ಹೀಗಿರುವಾಗ ಕಲ್ಲಾದ ಕಡಲಿನಿಂದ ಡಜನ್ ಕೇಳುವುದು ಯಾವ ನ್ಯಾಯ?

1877ರಲ್ಲಿ ಜಪಾನಿನ ಒಂದೇ ಚಿಪ್ಪನ್ನು ಮುಂದಿಟ್ಟುಕೊಂಡು ಥ್ಯಾಚೆರಿಯಾ ಮಿರಾಬಿಲಿಸ್ ಎಂದು ಹೆಸರಿಟ್ಟರು. ಮೆಟ್ಟಿಲು ಸುತ್ತಿದಂಥ ಅದರ ಆಕಾರ ಕಂಡು, ಇದು ಯಾವುದೋ ಹುಳುವಿನ ವಿಕೃತ ಚಿಪ್ಪು ಎಂದವರಿದ್ದರು. ದಶಕಗಳ ಮೇಲೆ ಮೀನುಬಲೆಗಳಲ್ಲಿ ಅದೇ ಆಕಾರದವು ಬಂದು ಬಿದ್ದವು. ವಿಕೃತಿ ಎಂದವರ ಸದ್ದಿಲ್ಲ.

ನನ್ನ ಮೇಜಿಗೆ ಬಂದ ಚಿಪ್ಪಿನ ಕಥೆ ಹೇಳಲೇಬೇಕು. ಉಗುರಿನಷ್ಟು ಗಾತ್ರ, ಬಾಯಿಯ ತುಂಬ ಗಟ್ಟಿ ಸುಣ್ಣ. ಸೂಕ್ಷ್ಮದರ್ಶಕದಡಿ ಸೂಜಿಯಿಂದ ಕೆರೆಯುತ್ತ ತುದಿಗೆ ಬಂದೆ. ಅಲ್ಲಿ ಪ್ರೋಟೋಕಾಂಕ್, ಅಂದರೆ ಮರಿಯಾಗಿದ್ದಾಗಿನ ಚಿಪ್ಪು, ಸವೆಯದೆ ಉಳಿದಿತ್ತು! ನುಣುಪಾದ, ದಪ್ಪ, ಎರಡಕ್ಕಿಂತ ಕಡಿಮೆ ಸುತ್ತು. ಆಮೇಲೆ ಒಂದು ಗೆರೆ. ಗೆರೆ ದಾಟಿದ ಕೂಡಲೇ ಏಣುಗಳು. ಅದರ ಹತ್ತಿರದ ಪ್ರಭೇದದ ತುದಿಯಲ್ಲಿ ಸಣ್ಣ ಸುತ್ತುಗಳು ನಾಲ್ಕು. ಅಂದರೆ ಆ ಮರಿಗಳು ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ತಿನ್ನುತ್ತ ತೇಲಿ ದೂರ ಹೋಗುವಂಥವು. ನನ್ನದು ಮೊಟ್ಟೆಯ ಹಳದಿಯ ಮೇಲೆ ಬೆಳೆದು ಹುಟ್ಟಿದ ಜಾಗದ ಸುತ್ತಮುತ್ತಲೇ ಉಳಿದದ್ದು. ಬಸವನಹುಳುಗಳ ಒಂದೇ ಪ್ರಭೇದದೊಳಗೆ ಈ ಎರಡೂ ಬಗೆ ಇರುವುದು ತೀರ ಅಪರೂಪ. "ಹಳೆಯದರದ್ದೇ ಗಿಡ್ಡ ಮಾದರಿ" ಎಂದು ದೂರದಿಂದಲೇ ತೀರ್ಪು ಕೊಟ್ಟ ಹಿರಿಯರೊಬ್ಬರು ಸೂಕ್ಷ್ಮದರ್ಶಕದ ಹತ್ತಿರವೂ ಸುಳಿಯಲಿಲ್ಲ.

ಒಂದೇ ಪ್ರಭೇದದಲ್ಲಿ ಆಕಾರ ಬದಲಾಗುತ್ತದಂತೆ. ಬದಲಾಗಲಿ ಬಿಡಿ. ಹೆಸರಿಲ್ಲದ್ದನ್ನು ಯಾರೂ ಹುಡುಕುವುದಿಲ್ಲ.

ವಿರೋಧ: ಸ್ವಲ್ಪ ತಡೆಯಿರಿ

ಒಂಟಿ ಚಿಪ್ಪಿಗೆ ನಾನೂ ಹೆಸರಿಟ್ಟಿದ್ದೇನೆ. ಆದರೂ ವಿರೋಧಕ್ಕೆ ಬರೆಯಲು ಹೇಳಿದ್ದಾರೆ, ಬರೆಯುತ್ತೇನೆ.

ಲಿಟ್ಟೊರಿನಾ ಸ್ಯಾಕ್ಸಾಟಿಲಿಸ್ ಎಂಬ ಬಸವನಹುಳುವಿಗೆ 1792ರಿಂದೀಚೆಗೆ ನೂರಕ್ಕೂ ಹೆಚ್ಚು ಹೆಸರುಗಳು ಬಿದ್ದಿವೆ. ಸ್ವೀಡನ್ ಕರಾವಳಿಯಲ್ಲಿ ಅಲೆ ಬಡಿಯುವ ಬಂಡೆಯ ಮೇಲೆ ಅದರದ್ದು ಚಿಕ್ಕ, ತೆಳು ಚಿಪ್ಪು, ಅಗಲ ಬಾಯಿ. ಏಡಿಗಳಿರುವ ಕಲ್ಲುರಾಶಿಯಲ್ಲಿ ದೊಡ್ಡ, ದಪ್ಪ ಚಿಪ್ಪು. ಎರಡನ್ನೂ ಕಲ್ಲಿನೊಳಗೆ ಹೂತು ಮೇಲಿನ ಲೇಖಕರ ಕೈಗಿಟ್ಟರೆ ನಾಳೆಗೆ ಎರಡು ಹೋಲೋಟೈಪ್ ತಯಾರು. ಕಣ್ಣೆದುರು ಹರಿದಾಡುವ ಹುಳುವಿನ ಗತಿಯೇ ಇದು. ಪಳೆಯುಳಿಕೆಯಲ್ಲಿ ಡಿಎನ್‌ಎ ಇಲ್ಲ, ಪ್ರಭೇದ ಗುರುತಿಸಲು ನೆರವಾಗುವ ನಾಲಗೆಯ ಹಲ್ಲುಪಟ್ಟಿಯೂ ಇಲ್ಲ.

ಕಡಲಜೀವಿಗಳ ಜಾಗತಿಕ ಪಟ್ಟಿಯಲ್ಲಿ 2015ರ ವೇಳೆಗೆ ಸುಮಾರು 4,19,000 ಹೆಸರುಗಳನ್ನು ಪರಿಶೀಲಿಸಿದಾಗ 1,90,000ದಷ್ಟು ಪುನರಾವರ್ತನೆ ಎಂದು ಗೊತ್ತಾಯಿತು. ಹೆಸರಿಡಲು ಒಂದು ಪುಟ ಸಾಕು. ಅದು ಹಳೆಯದೇ ಎಂದು ತೋರಿಸಲು ಮೂರು ದೇಶಗಳ ಸಂಗ್ರಹಾಲಯಗಳಲ್ಲಿರುವ ಹೋಲೋಟೈಪ್‌ಗಳನ್ನು ಹುಡುಕಿಕೊಂಡು ಹೋಗಬೇಕು. ಅಷ್ಟರಲ್ಲಿ ಯಾರೋ ಆ ಹೆಸರನ್ನು ಎಣಿಸಿ, ಇಂಥ ಕಾಲದಲ್ಲಿ ಇಷ್ಟು ಪ್ರಭೇದ ಅಳಿದವು ಎಂದು ಬರೆದಿರುತ್ತಾರೆ.

ಕುಲದ ಹೆಸರಿನ ಮುಂದೆ 'ಎಸ್‌ಪಿ.' (ಪ್ರಭೇದ ತಿಳಿದಿಲ್ಲ) ಎಂದೋ 'ಸಿಎಫ್.' (ಇಂಥ ಪ್ರಭೇದಕ್ಕೆ ಹೋಲಿಸಿ ನೋಡಿ) ಎಂದೋ ಬರೆದು ಚಿತ್ರಸಹಿತ ಪ್ರಕಟಿಸಿದರೆ ಚಿಪ್ಪೇನೂ ಕಳೆದುಹೋಗುವುದಿಲ್ಲ. ತುದಿ ಸವೆದ ಒಂಟಿ ಚಿಪ್ಪಿಗಾದರೂ ಹೆಸರಿಡಬೇಡಿ. ಪ್ರೋಟೋಕಾಂಕ್ ಉಳಿದಿದ್ದರೆ ನಾನು ಅಷ್ಟೇನೂ ಜಗಳಕ್ಕೆ ಬರುವುದಿಲ್ಲ.