ಕೆಡುಕನ್ನು ಕಂಡು ದೇವರನ್ನು ನಂಬಬಹುದೇ? ಪರ–ವಿರೋಧ

ಪರ: ಆ ನಡುಕ ಎಲ್ಲಿಂದ ಬಂತು?

1939ರ ಕೊನೆಯ ದಿನಗಳು. ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಯಾರ್ಕ್‌ವಿಲ್ ಅಂತ ಒಂದು ಬಡಾವಣೆ. ಆಗ ಅಲ್ಲಿ ಜರ್ಮನ್ ಮೂಲದವರು ಜಾಸ್ತಿ. ಅಲ್ಲಿನ ಒಂದು ಟಾಕೀಸಿನಲ್ಲಿ ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿದ ಚಿತ್ರ ಓಡುತ್ತಿತ್ತು. ಇಂಗ್ಲಿಷ್ ಕವಿ ಡಬ್ಲ್ಯು. ಎಚ್. ಆಡೆನ್ ನೋಡಲು ಹೋಗಿದ್ದರು. ತೆರೆಯ ಮೇಲೆ ಪೋಲಿಷ್ ಜನ ಕಂಡಾಗಲೆಲ್ಲ ಪ್ರೇಕ್ಷಕರು ‘ಕೊಲ್ಲಿ ಅವರನ್ನ’ ಎಂದು ಕೂಗಿದರು. ಕೂಗಿದವರು ಸೈನಿಕರಲ್ಲ, ಗೂಂಡಾಗಳೂ ಅಲ್ಲ. ಟಿಕೆಟ್ ಕೊಂಡು ಬಂದ ಮಾಮೂಲಿ ಜನ. ಯುದ್ಧ ನಡೆಯುತ್ತಿದ್ದದ್ದು ಸಮುದ್ರದಾಚೆ. ಇವರ ಮೇಲೆ ಯಾರ ಒತ್ತಡವೂ ಇರಲಿಲ್ಲ.

ಆಡೆನ್ ಹದಿಹರೆಯದಲ್ಲೇ ದೇವರನ್ನು ಬಿಟ್ಟವರು. ಮನುಷ್ಯ ಮೂಲತಃ ಒಳ್ಳೆಯವನು, ಓದು ಮತ್ತು ನ್ಯಾಯದ ವ್ಯವಸ್ಥೆ ಸಿಕ್ಕರೆ ಸರಿಹೋಗುತ್ತಾನೆ ಅನ್ನುವುದು ಆ ಕಾಲದ ಎಡಪಂಥೀಯ ತರುಣರ ನಂಬಿಕೆ. ಇವರದ್ದೂ ಅದೇ. ಟಾಕೀಸಿನಲ್ಲಿ ಅದು ಕುಸಿಯಿತು. ಆದರೆ ಅವರನ್ನು ಜಾಸ್ತಿ ಕಾಡಿದ್ದು ಆ ಕೂಗಲ್ಲ, ಕೂಗು ಕೇಳಿ ತನ್ನೊಳಗೆ ಎದ್ದ ತಳಮಳ. ನಾನೇಕೆ ಹೀಗೆ ನಡುಗಿದೆ? ಇದು ತಪ್ಪು ಎನ್ನಲು ನನ್ನ ಬಳಿ ಏನು ಆಧಾರ ಇದೆ? ಈ ಪ್ರಶ್ನೆಯ ಉತ್ತರವೇ ತನ್ನನ್ನು ಚರ್ಚಿಗೆ ವಾಪಸ್ ಕರೆತಂದಿತು ಎಂದು ಮುಂದೆ ಅವರೇ ಹೇಳಿದರು. 1940ರ ಹೊತ್ತಿಗೆ ಅವರು ಮತ್ತೆ ಪ್ರಾರ್ಥನೆಗೆ ಹೋಗತೊಡಗಿದ್ದರು.

ಸಾಮಾನ್ಯವಾಗಿ ವಾದ ಉಲ್ಟಾ ಇರುತ್ತದೆ. ಇಷ್ಟು ಕ್ರೌರ್ಯ ಇದೆ, ಹಾಗಾಗಿ ದೇವರಿಲ್ಲ ಅಂತ. ಸರಿ, ಆದರೆ ಇದನ್ನು ಕ್ರೌರ್ಯ ಅಂತ ಯಾವ ಧೈರ್ಯದಲ್ಲಿ ಕರೆಯುತ್ತೀರಿ? ನನಗೆ ಹಾಗಲಕಾಯಿ ಪಲ್ಯ ಸೇರುವುದಿಲ್ಲ, ನಿಮಗೆ ಸೇರುತ್ತದೆ. ಅದಕ್ಕಾಗಿ ನಾವು ಜಗಳ ಆಡುವುದಿಲ್ಲ. ಕೊಲೆಯ ವಿಷಯದಲ್ಲಿ ಮಾತ್ರ ‘ನಿನ್ನ ರುಚಿ ನಿನಗೆ’ ಎನ್ನಲು ಬಾಯಿ ಬರುವುದಿಲ್ಲ. ಒಳ್ಳೆಯದು, ಕೆಟ್ಟದ್ದು ಎಲ್ಲ ನಾವೇ ಕಟ್ಟಿಕೊಂಡದ್ದು ಅಂತಾದರೆ, ಹಿಟ್ಲರನೂ ತನ್ನದನ್ನು ತಾನು ಕಟ್ಟಿಕೊಂಡ ಅಷ್ಟೇ. ಹಾಗೆಂದು ಒಪ್ಪಲು ಮನಸ್ಸು ಬರುತ್ತದೆಯೇ?

ವಿಕಾಸವಾದ ಇದನ್ನೆಲ್ಲ ವಿವರಿಸುತ್ತದೆ, ಗುಂಪಿನಲ್ಲಿ ಬಾಳಲು ಕರುಣೆ ಬೇಕಾಗಿತ್ತು ಅಂತ ಹೇಳುವವರಿದ್ದಾರೆ. ನಮ್ಮವರ ಮೇಲೆ ನಮಗೇಕೆ ಪ್ರೀತಿ ಅನ್ನುವುದಕ್ಕೆ ಆ ಉತ್ತರ ಸಾಕು. ಆದರೆ ಯಾರ್ಕ್‌ವಿಲ್‌ನಲ್ಲಿ ತಮ್ಮ ಗುಂಪಿಗೆ ನಿಷ್ಠೆ ತೋರಿಸಿದ್ದು ಯಾರು? ಕೂಗಿದವರು. ನಡುಗಿದವನು ಯಾವ ಗುಂಪಿಗೂ ಸೇರದೆ ಅಲ್ಲಿ ಕೂತಿದ್ದ. ಅವನ ನಡುಕಕ್ಕೆ ಕಾರಣ ಗುಂಪಿನಾಚೆ ಎಲ್ಲೋ ಇದೆ. ಅದನ್ನು ದೇವರು ಅನ್ನುವುದಕ್ಕೆ ನನಗೆ ಸಂಕೋಚವಿಲ್ಲ.

ಇನ್ನೊಬ್ಬರ ವಿಷಯ ಹೇಳುತ್ತೇನೆ. ಕೆನಡಾದ ಸೇನಾಧಿಕಾರಿ ರೋಮಿಯೋ ಡಲೇರ್. 1994ರಲ್ಲಿ ಆಫ್ರಿಕಾದ ರುವಾಂಡಾದಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕ. ಏಪ್ರಿಲ್ 6ರ ರಾತ್ರಿ ಅಲ್ಲಿನ ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಲಾಯಿತು. ಆಮೇಲೆ ಸುಮಾರು ನೂರು ದಿನಗಳಲ್ಲಿ ಅಂದಾಜು 8 ಲಕ್ಷ ಜನರ ಕೊಲೆ ನಡೆಯಿತು. ಸತ್ತವರಲ್ಲಿ ಬಹುಪಾಲು ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿಗಳು, ಕೊಂದವರು ಬಹುಸಂಖ್ಯಾತ ಹುಟು ಸಮುದಾಯದ ಉಗ್ರರು. ಕೈಯಲ್ಲಿದ್ದ ಸಣ್ಣ ಪಡೆಯಿಂದ ಕೆಲವರನ್ನಾದರೂ ಉಳಿಸಬೇಕೆಂದು ಡಲೇರ್ ಕೊಲೆಗಡುಕ ದಳದ ನಾಯಕರ ಜೊತೆಗೇ ಮಾತುಕತೆಗೆ ಕೂರಬೇಕಾಯಿತು. ಹೋಗುವ ಮುನ್ನ ಅವರು ತಮ್ಮ ಪಿಸ್ತೂಲಿನಿಂದ ಗುಂಡುಗಳನ್ನು ಹೊರತೆಗೆದರು. ಎದುರಿಗಿದ್ದವರನ್ನು ಅಲ್ಲೇ ಸುಟ್ಟುಬಿಡುವ ಆಸೆ ತಡೆಯಲಾಗದಷ್ಟು ಬಂದರೆ ಅಂತ. ಕೈಕುಲುಕಲು ಬಂದವರಲ್ಲಿ ಒಬ್ಬನ ಬಿಳಿ ಅಂಗಿಯ ಮೇಲೆ ಒಣಗಿದ ರಕ್ತದ ಚುಕ್ಕೆಗಳಿದ್ದವು.

ಊರಿಗೆ ಮರಳಿದ ಮೇಲೆ ಸೇನೆಯ ಪಾದ್ರಿಯೊಬ್ಬರು, ಇಷ್ಟೆಲ್ಲ ನೋಡಿಯೂ ದೇವರಿದ್ದಾನೆ ಅಂತ ನಂಬುತ್ತೀರಾ ಎಂದು ಕೇಳಿದರು. ಸೈತಾನನ ಕೈ ಮುಟ್ಟಿ ಬಂದಿದ್ದೇನೆ, ಅವನಿದ್ದಾನೆ ಅಂತ ಗೊತ್ತು, ಹಾಗಾಗಿ ದೇವರಿದ್ದಾನೆ ಅನ್ನುವುದೂ ಗೊತ್ತು ಎಂಬ ಅರ್ಥದ ಉತ್ತರ ಕೊಟ್ಟರು ಡಲೇರ್.

ಇದೆಲ್ಲ ಸಮಾಧಾನಕ್ಕೆ ಕಟ್ಟಿಕೊಂಡ ನಂಬಿಕೆ ಅನ್ನುವ ಹಾಗಿಲ್ಲ. ಡಲೇರ್‌ಗೆ ಸಮಾಧಾನ ಸಿಗಲಿಲ್ಲ. ವರ್ಷಗಟ್ಟಲೆ ಮಾನಸಿಕ ಯಾತನೆ ಪಟ್ಟರು, ಆತ್ಮಹತ್ಯೆಗೂ ಪ್ರಯತ್ನಿಸಿದರು. ನೆಮ್ಮದಿ ಬೇಕಿದ್ದರೆ ‘ಎಲ್ಲ ಸುಮ್ನೆ, ಯಾವುದಕ್ಕೂ ಅರ್ಥವಿಲ್ಲ’ ಎಂದು ಮರೆಯುವುದೇ ಸುಲಭವಿತ್ತು. ದೇವರು ಯಾಕೆ ತಡೆಯಲಿಲ್ಲ ಅನ್ನುವ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳುತ್ತೇವಲ್ಲ, ಕೇಳಿಸಿಕೊಳ್ಳುವವನು ಒಬ್ಬ ಇದ್ದಾನೆ ಅಂತ ತಾನೇ ಕೇಳುವುದು?

ವಿರೋಧ: ಸೈತಾನ ಮಚ್ಚು ತರಿಸುವುದಿಲ್ಲ

ಡಲೇರ್ ಅವರ ಸಂಕಟಕ್ಕೆ ತಲೆಬಾಗುತ್ತೇನೆ. ಅವರ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಅವರು ಕುಲುಕಿದ್ದು ಸೈತಾನನ ಕೈಯಲ್ಲ, ಮನುಷ್ಯರ ಕೈ. ಆ ದಳದ ಅಧ್ಯಕ್ಷನ ಹೆಸರು ರಾಬರ್ಟ್ ಕಜುಗ. ಅವನ ತಂದೆಯೇ ಟುಟ್ಸಿ ಅನ್ನುತ್ತಾರೆ. ಇಂಥದ್ದನ್ನು ಅರ್ಥ ಮಾಡಿಕೊಳ್ಳಲು ಸೈತಾನನಿಂದ ಏನೂ ಉಪಯೋಗವಿಲ್ಲ. ಇತಿಹಾಸ ಬೇಕು, ರಾಜಕೀಯ ಬೇಕು.

ಆ ಇತಿಹಾಸ ಸಿಗದಂಥದ್ದೇನೂ ಅಲ್ಲ. ಹುಟು, ಟುಟ್ಸಿ ಎಂದು ಪ್ರತಿಯೊಬ್ಬನ ಗುರುತಿನ ಚೀಟಿಯಲ್ಲಿ ಬರೆಸಿದ್ದು 1930ರ ದಶಕದ ಬೆಲ್ಜಿಯನ್ ಆಡಳಿತ. ಅರವತ್ತು ವರ್ಷದ ಮೇಲೆ ರಸ್ತೆ ತಡೆಗಳಲ್ಲಿ ಕೇಳಿದ್ದು ಅದೇ ಚೀಟಿಯನ್ನು. 1993ರಲ್ಲಿ ಆರ್‌ಟಿಎಲ್‌ಎಂ ಅನ್ನುವ ರೇಡಿಯೋ ಶುರುವಾಯಿತು. ಹಾಡು, ಹಾಸ್ಯದ ನಡುನಡುವೆ ಟುಟ್ಸಿಗಳನ್ನು ಜಿರಳೆಗಳು ಎಂದು ಕರೆಯಿತು. ಅದೇ ವರ್ಷ ಮಚ್ಚುಗಳ ಆಮದು ವಿಪರೀತ ಏರಿತು. ಸೈತಾನ ಮಚ್ಚಿಗೆ ಆರ್ಡರ್ ಕೊಡುವುದಿಲ್ಲ, ಬಿಲ್ ಪಾವತಿ ಮಾಡುವುದಿಲ್ಲ.

ಇನ್ನು ಉಳಿಸಬೇಕಾದವರ ಕಥೆ. ಆಯುಧ ಬಚ್ಚಿಟ್ಟಿದ್ದಾರೆ, ಹಿಡಿಯಲು ಬಿಡಿ ಎಂದು ಡಲೇರ್ ಸ್ವತಃ 1994ರ ಜನವರಿ 11ರಂದು ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಗೆ ಸಂದೇಶ ಕಳಿಸಿದ್ದರು. ಬೇಡ ಎಂಬ ಉತ್ತರ ಬಂತು. ಕೊಲೆಗಳು ಶುರುವಾಗಿ ಎರಡು ವಾರ ಕಳೆದ ಮೇಲೆ, ಏಪ್ರಿಲ್ 21ರಂದು, ಭದ್ರತಾ ಮಂಡಳಿ ಅವರ ಪಡೆಯನ್ನು ಸುಮಾರು 270 ಜನಕ್ಕೆ ಇಳಿಸಲು ತೀರ್ಮಾನಿಸಿತು. ಕೈ ಎತ್ತಿ ಮತ ಹಾಕಿದವರಿಗೆಲ್ಲ ಹೆಸರಿದೆ, ದೇಶವಿದೆ. ಸೈತಾನನ ಹೆಸರು ಹೇಳಿದ ಕೂಡಲೇ ಇವರೆಲ್ಲ ಮೆಲ್ಲಗೆ ಜಾರಿಕೊಳ್ಳುತ್ತಾರೆ. ಡಲೇರ್ ಅವರಿಗೆ ಆ ಉದ್ದೇಶ ಇರಲಿಲ್ಲ. ಅವರು ತಪ್ಪು ಹೊರಿಸುವಾಗ ತಮ್ಮ ಮೇಲಿನವರನ್ನೂ ಬಿಡಲಿಲ್ಲ, ತಮ್ಮನ್ನೂ ಬಿಡಲಿಲ್ಲ, ಕೊಲೆಗಡುಕರ ವಿರುದ್ಧ ನ್ಯಾಯಮಂಡಳಿಗೆ ಹೋಗಿ ಸಾಕ್ಷಿ ಹೇಳಿದರು. ಆದರೆ ಅವರ ಮಾತನ್ನು ಎತ್ತಿಕೊಂಡು ಪ್ರವಚನ ಮಾಡುವವರು ಇದನ್ನೆಲ್ಲ ಹೇಳುವುದಿಲ್ಲ, ಅಲ್ವಾ?

ಈಗ ಪರ ವಾದದವರು ಮುಟ್ಟದೇ ಬಿಟ್ಟ ವಿಷಯಕ್ಕೆ ಬರೋಣ. ರುವಾಂಡಾ ದೇವರನ್ನು ಮರೆತ ನಾಡಾಗಿರಲಿಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಜನ ಕ್ರೈಸ್ತರು, ಅವರಲ್ಲಿ ಕ್ಯಾಥೊಲಿಕರೇ ಹೆಚ್ಚು. ದೇವರು ಹಗಲೆಲ್ಲ ಬೇರೆ ಕಡೆ ಕಳೆದು ರಾತ್ರಿಗೆ ರುವಾಂಡಾಕ್ಕೆ ಮರಳುತ್ತಾನೆ ಅಂತ ಅಲ್ಲೊಂದು ಹಳೆಯ ಗಾದೆಯೇ ಇದೆ. ಹಿಂದಿನ ಗಲಭೆಗಳಲ್ಲಿ ಚರ್ಚಿನೊಳಗೆ ಹೋದವರು ಉಳಿದಿದ್ದರು. ಹಾಗಾಗಿ ಈ ಸಲವೂ ಜನ ಮಕ್ಕಳನ್ನು ಎತ್ತಿಕೊಂಡು ಚರ್ಚಿಗೇ ಓಡಿದರು. ಕೊಲ್ಲುವವರಿಗೆ ಹುಡುಕುವ ಕೆಲಸವೇ ತಪ್ಪಿತು. ನ್ಯಾಮಾಟ, ನ್ಟರಾಮ ಚರ್ಚುಗಳಲ್ಲಿ ಸಾವಿರಾರು ಜನ ಸತ್ತರು. ಎರಡೂ ಈಗ ಸ್ಮಾರಕಗಳು. ನ್ಯಾಮಾಟದ ಬೆಂಚುಗಳ ಮೇಲೆ ಸತ್ತವರ ಬಟ್ಟೆಗಳನ್ನು ರಾಶಿ ಹಾಕಿದ್ದಾರೆ. ತೊಳೆದು ಮಡಿಸಿಟ್ಟದ್ದಲ್ಲ, ಮಣ್ಣು ರಕ್ತ ಹತ್ತಿ ಒಂದೇ ಕಂದು ಬಣ್ಣಕ್ಕೆ ತಿರುಗಿದ ಬಟ್ಟೆಗಳು. ನ್ಯಾಂಗೆ ಎಂಬಲ್ಲಿ ಒಳಗೆ ಜನರಿದ್ದಂತೆಯೇ ಚರ್ಚನ್ನು ಬುಲ್ಡೋಜರ್‌ನಿಂದ ಕೆಡವಲಾಯಿತು. ಆ ಅಪರಾಧದಲ್ಲಿ ಅಲ್ಲಿನ ಪಾದ್ರಿ ಅತನಾಸ್ ಸೆರೊಂಬನಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ರುವಾಂಡಾದಲ್ಲಿ ಚರ್ಚಿನವರು ಮಾಡಿದ ಪಾಪಕ್ಕೆ 2017ರಲ್ಲಿ ಪೋಪ್ ಫ್ರಾನ್ಸಿಸ್ ದೇವರ ಕ್ಷಮೆ ಬೇಡಿದರು.

ಕೊಲ್ಲಬಾರದು ಎನ್ನುವ ಒಳದನಿಯನ್ನು ದೇವರೇ ಇಟ್ಟಿದ್ದಾನೆ ಎಂದರೆ, ಆ ಪಾದ್ರಿಯೊಳಗೆ ಅದು ಎಲ್ಲಿ ಹೋಗಿತ್ತು? ಪೋಲೆಂಡಿಗೆ ನುಗ್ಗಿದ ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೂ ‘ದೇವರು ನಮ್ಮ ಜೊತೆ’ ಎಂದು ಕೆತ್ತಿತ್ತು.

ಆಡೆನ್ ಅವರ ಪ್ರಶ್ನೆ ಒಳ್ಳೆಯದು. ಉತ್ತರಕ್ಕೆ ಮಾತ್ರ ಅವಸರ ಮಾಡಿದರು ಅನ್ನಿಸುತ್ತದೆ. ಅವರು ಮರಳಿದ್ದು ಎಲ್ಲಿಗೆ ನೋಡಿ. ಚಿಕ್ಕಂದಿನಲ್ಲಿ ತಾಯಿಯ ಜೊತೆ ಹೋಗುತ್ತಿದ್ದ ಆಂಗ್ಲಿಕನ್ ಪಂಥಕ್ಕೆ. ಡಲೇರ್ ಕ್ವಿಬೆಕ್‌ನ ಕ್ಯಾಥೊಲಿಕ್ ವಾತಾವರಣದಲ್ಲಿ ಬೆಳೆದವರು. ಅವರಿಗೆ ಕಂಡದ್ದು ಅಲ್ಲಿ ಕಲಿತ ಸೈತಾನ. ಅದೇ ಟಾಕೀಸಿನಲ್ಲಿ ಉಡುಪಿಯ ಮಾಧ್ವ ಪಂಡಿತರೊಬ್ಬರು ಕೂತಿದ್ದರೆ, ಇವು ಸ್ವಭಾವದಿಂದಲೇ ತಮೋಯೋಗ್ಯ ಜೀವಗಳು, ಅಂದರೆ ಶಾಶ್ವತ ಕತ್ತಲೆಗೇ ಸಲ್ಲುವವು ಎನ್ನುತ್ತಿದ್ದರು. ಕೆಡುಕು ಯಾರಿಗೂ ಹೊಸ ದೇವರನ್ನು ತೋರಿಸಲಿಲ್ಲ. ಅವರವರ ಮನೆಯ ದಾರಿ ತೋರಿಸಿತು, ಅಷ್ಟೆ.

ನೀತಿಗೆ ದೇವರೇ ಬುನಾದಿ ಅನ್ನುವುದಾದರೆ ಶ್ರವಣಬೆಳಗೊಳಕ್ಕೆ ಏನು ಹೇಳುತ್ತೀರಿ? ಜೈನರಲ್ಲಿ ಸೃಷ್ಟಿಕರ್ತ ಅಂತ ಒಬ್ಬನಿಲ್ಲ, ತೀರ್ಪು ಕೊಡುವವನೂ ಇಲ್ಲ. ಹಾಗಿದ್ದೂ ಕೊಲ್ಲಬಾರದು ಅನ್ನುವುದನ್ನು ಅವರಷ್ಟು ಕಟ್ಟುನಿಟ್ಟಾಗಿ ಹಿಡಿದವರು ಕಡಿಮೆ. ನೆಲದ ಮೇಲಿನ ಹುಳಕ್ಕೆ ನೋವಾಗದಿರಲೆಂದು ಮುನಿಗಳು ನವಿಲುಗರಿಯ ಪಿಂಛಿಯಿಂದ ಜಾಗ ಸವರಿಯೇ ಕೂರುತ್ತಾರೆ. ಇನ್ನೊಂದು ಜೀವಕ್ಕೂ ನನ್ನಂತೆಯೇ ನೋವಿದೆ ಎಂಬುದೇ ಅವರಿಗೆ ಸಾಕು. ಗುಂಪಿನಾಚೆಗೆ ಹೋಗಲು ಅಷ್ಟು ಸಾಲದೇ?

ಇಟಲಿಯ ಯಹೂದಿ ಲೇಖಕ ಪ್ರೀಮೋ ಲೆವಿ ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಸ್‌ನಿಂದ ಬದುಕಿ ಬಂದವರು. ಆಶ್‌ವಿಟ್ಸ್ ಇದೆ ಎಂದ ಮೇಲೆ ದೇವರು ಇರಲಾರ ಎಂದರು ಅವರು. ಅವರ ಮಾತೂ ಸಾಬೀತಲ್ಲ ಅಂತ ಒಪ್ಪುತ್ತೇನೆ. ಒಂದೇ ಬಗೆಯ ಕತ್ತಲೆಯಿಂದ ಒಬ್ಬರು ಹೀಗೆ, ಒಬ್ಬರು ಹಾಗೆ ಹೊರಬರುತ್ತಾರೆ. ಅಂದ ಮೇಲೆ ಅದು ಯಾವ ಕಡೆಗೂ ಸಾಕ್ಷಿಯಲ್ಲ.

ರುವಾಂಡಾದಲ್ಲಿ ನಂಬಿಕೆ ಬದಲಿಸಿದವರೂ ಇದ್ದಾರೆ. ಅಲ್ಲಿನ ಮುಸ್ಲಿಮರು ಸಣ್ಣ ಸಮುದಾಯ. ಅವರಲ್ಲೂ ಕೊಲೆಗೆ ಇಳಿದವರಿದ್ದರು. ಆದರೆ ಬಹಳ ಮಂದಿ ಟುಟ್ಸಿ ನೆರೆಯವರನ್ನು ಮನೆ, ಮಸೀದಿಗಳಲ್ಲಿ ಬಚ್ಚಿಟ್ಟು ಉಳಿಸಿದರು. 1994ರ ನಂತರ ಅನೇಕ ಕ್ರೈಸ್ತರು ಇಸ್ಲಾಮಿಗೆ ಸೇರಿದರು. ಯಾಕೆ ಅಂತ ಕೇಳಿದಾಗ ಇವರು ನಮ್ಮನ್ನು ಉಳಿಸಿದರು, ನಮ್ಮ ಚರ್ಚಿನವರು ಉಳಿಸಲಿಲ್ಲ ಎಂದು ಹಲವರು ಹೇಳಿದ್ದಾರೆ. ಇಲ್ಲಿ ದೇವರ ಪರವಾಗಿ ಯಾರಾದರೂ ಸಾಕ್ಷಿ ನುಡಿದಿದ್ದರೆ ಅದು ಆ ನೆರೆಮನೆಯವರು. ಪರ ವಾದದವರು ಟಾಕೀಸಿನ ಬದಲು ಇಲ್ಲಿಂದ ಮಾತು ಶುರು ಮಾಡಿದ್ದರೆ ನನಗೆ ಉತ್ತರಿಸುವುದು ಇನ್ನೂ ಕಷ್ಟವಾಗುತ್ತಿತ್ತು.