ಡೀಸೆಲ್ ಡಿಪೋದ ಮಣ್ಣಿಗೆ ಪೊಟ್ಯಾಷ್ ಸಾಲದಂತೆ

ಹಾಸನದ ಹೊರವಲಯದಲ್ಲಿ ಬಹುಕಾಲ ಲಾರಿಗಳಿಗೆ ಡೀಸೆಲ್ ತುಂಬಿಸಿ, ಆಯಿಲ್ ಬದಲಿಸಿ, ಹಳೆಯ ಬ್ಯಾಟರಿಗಳನ್ನು ಒಡೆದು ಬಾಳಿದ ಡಿಪೋವೊಂದರ ಜಾಗದಲ್ಲಿ ಉದ್ಯಾನವನ ಮಾಡುವುದೆಂದು ತೀರ್ಮಾನವಾದ ಮೇಲೆ, ಆ ನೆಲದಡಿಯ ಮಣ್ಣೂ ಅಂತರ್ಜಲವೂ ಕೆಟ್ಟಿವೆಯೇ ಎಂದು ಪರಿಶೀಲಿಸಿ ವರದಿ ಸಲ್ಲಿಸುವಂತೆ ಸಂಬಂಧಪಟ್ಟ ಕಚೇರಿಗೆ ಸೂಚನೆ ಹೋಯಿತು. ಪಕ್ಕದ ಬೀದಿಯವರು, ತಮ್ಮ ಕೊಳವೆಬಾವಿಯ ನೀರನ್ನು ಬಕೆಟ್ಟಿಗೆ ಹಿಡಿದರೆ ಮೇಲೆ ಬಣ್ಣಬಣ್ಣದ ಪದರ ಕಟ್ಟುತ್ತದೆಂದು ಅರ್ಜಿ ಕೊಟ್ಟಿದ್ದೇ ಇದಕ್ಕೆ ಕಾರಣ. ವರದಿ ಈಗ ಬಂದಿದೆ. ಅದರ ಪ್ರಕಾರ ಆ ಮಣ್ಣಿನ ಏಕೈಕ ದೋಷವೆಂದರೆ ಪೊಟ್ಯಾಷ್ ಕೊರತೆ.

ಈ ತೀರ್ಮಾನಕ್ಕೆ ಬಂದ ಬಗೆಯನ್ನು ತಿಳಿಯದೆ ಅದನ್ನು ಮೆಚ್ಚುವುದು ಕಷ್ಟ. ತಂಡ ಬರುವುದು ಖಚಿತವಾದ ಕೂಡಲೇ, ಸಾಹೇಬರ ಬೂಟಿಗೆ ಎಣ್ಣೆ ಮೆತ್ತಬಾರದೆಂಬ ಕಾಳಜಿಯಿಂದ ಟಿಪ್ಪರುಗಳಲ್ಲಿ ಗ್ರಾವೆಲ್ ತರಿಸಿ ಜಾಗವನ್ನು ಮಟ್ಟ ಮಾಡಲಾಯಿತು. ತಂಡವು ಹೊಲದ ಮಣ್ಣು ತೆಗೆಯುವ ಕ್ರಮದಂತೆ ‘ವಿ’ ಆಕಾರದ ಗುಂಡಿಗಳನ್ನು ತೋಡಿ, ಆರು ಇಂಚಿನವರೆಗಿನ ಮಣ್ಣನ್ನು ಬಟ್ಟೆಯ ಚೀಲಗಳಿಗೆ ತುಂಬಿತು. ಹೀಗಾಗಿ ಪರೀಕ್ಷೆಗೆ ಹೋದದ್ದು ಬಹುಮಟ್ಟಿಗೆ ಯಾವುದೋ ಗುಡ್ಡದ ನಿರಪರಾಧಿ ಗ್ರಾವೆಲ್. ಡೀಸೆಲ್ ಟ್ಯಾಂಕನ್ನು ನೆಲದಡಿ ಹೂಳಿರುತ್ತಾರೆ, ಸೋರಿದ್ದು ಅಲ್ಲಿಂದ ಇನ್ನೂ ಕೆಳಕ್ಕೆ ಇಳಿಯುತ್ತದೆ ಎಂಬ ವಿಚಾರ ಆರು ಇಂಚಿನ ವ್ಯಾಪ್ತಿಗೆ ಬರುವುದಿಲ್ಲ. ಚೀಲಗಳನ್ನು ರೈತರಿಗೆ ಮಣ್ಣು ಆರೋಗ್ಯ ಚೀಟಿ ಕೊಡುವ ಪ್ರಯೋಗಾಲಯಕ್ಕೆ ಕಳಿಸಲಾಗಿ, ಅಲ್ಲಿಯವರು ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಮುಂತಾದ 12 ಅಂಶಗಳನ್ನು ನಿಷ್ಠೆಯಿಂದ ಅಳೆದರು. ಬ್ಯಾಟರಿಯ ಸೀಸವೂ ಇಂಧನದ ಬೆಂಜೀನೂ ಆ 12ರಲ್ಲಿ ಇಲ್ಲ. ಅವು ರಾಗಿಗೂ ಆಲೂಗಡ್ಡೆಗೂ ಬೇಕಾಗುವುದಿಲ್ಲವಲ್ಲ. ಗ್ರಾವೆಲ್ ತಲುಪದ ಮೂಲೆಯೊಂದರ ಮಾದರಿಯಲ್ಲಿ ಮಾತ್ರ ಸಾವಯವ ಇಂಗಾಲ ‘ಅತಿ ಹೆಚ್ಚು’ ಎಂದು ಬಂತು. ಡೀಸೆಲ್ಲೂ ಇಂಗಾಲದ ಸಂಯುಕ್ತವೇ ಆದ್ದರಿಂದ ಪರೀಕ್ಷೆ ಅದನ್ನು ಲೆಕ್ಕಕ್ಕೆ ಹಿಡಿದದ್ದು ಸಹಜ. ವರದಿ ಅದನ್ನು ಕೊಟ್ಟಿಗೆ ಗೊಬ್ಬರದ ಪುಣ್ಯವೆಂದು ಬಗೆದು, ಆ ಮೂಲೆಯಲ್ಲಿ ಗುಲಾಬಿ ಬೆಳೆಸಬಹುದೆಂದು ಶಿಫಾರಸು ಮಾಡಿದೆ.

ಅಂತರ್ಜಲ ಯಾವ ಕಡೆಗೆ ಹರಿಯುತ್ತದೆಂದು ತಿಳಿಯಲು ಒಂದೇ ಸಾಲಿನಲ್ಲಿರದ ಕನಿಷ್ಠ ಮೂರು ಬಾವಿಗಳ ನೀರಿನ ಮಟ್ಟ ಬೇಕು; ನಮ್ಮ ಜಿಲ್ಲೆಯ ಗಟ್ಟಿ ಶಿಲೆಯಲ್ಲಿ ನೀರು ಬಿರುಕುಗಳನ್ನು ಹಿಡಿದು ಸಾಗುವುದರಿಂದ ಮೂರೂ ಸಾಲದೆ ಹೋಗಬಹುದು. ತಂಡವು ಒಂದೇ ಕೊಳವೆಬಾವಿಯಿಂದ ನೀರು ತೆಗೆಯಿತು, ಅದೂ ಡಿಪೋಗಿಂತ ಏರಿನಲ್ಲಿರುವ ಬಾವಿಯಿಂದ. ಕಾರಣವನ್ನು ವರದಿ ಮುಚ್ಚಿಟ್ಟಿಲ್ಲ: ಆ ಹೊತ್ತಿಗೆ ಕರೆಂಟ್ ಇದ್ದದ್ದು ಅಲ್ಲಿ ಮಾತ್ರ. (ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್ ಪಾಯಿಂಟ್ ನೋಡುವವರು ಕೂಡ ಜಾಗವನ್ನು ಮೂಲೆಯಿಂದ ಮೂಲೆಗೆ ಒಮ್ಮೆ ನಡೆಯುತ್ತಾರೆ.) ಆವಿಯಾಗುವ ಅಂಶಗಳ ಅನುಮಾನವಿದ್ದರೆ ಬಾಟಲಿಯನ್ನು ಗಾಳಿಗುಳ್ಳೆಯೂ ಉಳಿಯದಂತೆ ತುಂಬಿ ತಂಪಿನಲ್ಲಿ ಒಯ್ಯಬೇಕೆಂಬುದು ಕ್ರಮ, ಇಲ್ಲಿ ಕುಡಿದುಬಿಟ್ಟ ಲೀಟರ್ ಬಾಟಲಿಗೆ ಅರ್ಧ ತುಂಬಿಸಿ, ಜೀಪಿನ ಮುಂಗಾಜಿನ ಹಿಂದೆ ಬಿಸಿಲಿಗಿಟ್ಟು ಒಯ್ದರು. ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್ ಎಲ್ಲವೂ ಮಿತಿಯೊಳಗಿವೆ. ವಾಸನೆಯ ಕಾಲಮ್ಮಿನಲ್ಲಿ ‘ಸಮ್ಮತಾರ್ಹ’ ಎಂದಿದೆ.

ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮಗಳನ್ನು ಹೊರಡಿಸಿದ್ದು, ಶಂಕಿತ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮುಗಿಸಬೇಕು. ಪಟ್ಟಿಗೆ ಸೇರಲು ಶಂಕೆಯಾದರೂ ಇರಬೇಕಲ್ಲ. ಇಂತಹ ವರದಿ ಕೈಯಲ್ಲಿರುವಾಗ ಶಂಕೆಗೆ ಆಸ್ಪದವೆಲ್ಲಿ? ‘ಬಕೆಟ್ಟುಗಳನ್ನು ಸ್ವಚ್ಛವಾಗಿಡುವಂತೆ ಅರ್ಜಿದಾರರಿಗೆ ತಿಳಿವಳಿಕೆ ನೀಡುವುದು’ ಎಂದು ಷರಾ ಬರೆದು ಕಡತ ಮುಗಿಸಲಾಗಿದೆ.

ಉದ್ಯಾನದ ಗಿಡಗಳಿಗೆಂದು ಕಳೆದ ತಿಂಗಳು ಅಲ್ಲಿ ಕೊಳವೆಬಾವಿ ಕೊರೆಯಲು ಹೋದರು. ಆ ನೆಲವನ್ನು ಯಾರಾದರೂ ನಿಜವಾಗಿ ಕೊರೆದದ್ದು ಅದೇ ಮೊದಲು. 60 ಅಡಿ ಇಳಿಯುವಷ್ಟರಲ್ಲಿ ಮೇಲೆ ಬಂದ ಕಲ್ಲುಪುಡಿ ಗಮ್ಮೆಂದು ಡೀಸೆಲ್ ನಾರತೊಡಗಿದ್ದರಿಂದ, ಬೀಡಿ ಹಚ್ಚುತ್ತಿದ್ದ ಹುಡುಗನನ್ನು ದೂರ ಓಡಿಸಿ ರಿಗ್ಗಿನವರು ಕೆಲಸ ನಿಲ್ಲಿಸಿದರು. ಅವರ ಬಿಲ್ಲು ಇನ್ನೂ ಪಾಸಾಗಿಲ್ಲ. ಕೆಲಸ ನಿಲ್ಲಿಸಲು ಕೊಟ್ಟ ಕಾರಣವು ಅಂಗೀಕೃತ ವರದಿಯೊಂದಿಗೆ ತಾಳೆಯಾಗುತ್ತಿಲ್ಲವೆಂದು ಲೆಕ್ಕಪತ್ರ ಶಾಖೆ ಆಕ್ಷೇಪಿಸಿ, ವಾಸನೆ ಬಂದದ್ದಕ್ಕೆ ದೃಢೀಕರಣ ಪತ್ರವನ್ನು ಸಕ್ಷಮ ಪ್ರಾಧಿಕಾರದಿಂದ ಪಡೆದು ಮೂರು ಪ್ರತಿಗಳಲ್ಲಿ ಲಗತ್ತಿಸುವಂತೆ ತಿಳಿಸಿದೆ.