ಆ ಶಾಲೆಯಲ್ಲಿ ಹುಡುಗಿಯರೂ ಕೂತಿದ್ದರು

ದೀಪಾವಳಿ ರಜೆ ಪೂರ್ತಿ ನಮ್ಮ ಡೊಂಬಿವಲಿ ಮನೆಯಲ್ಲಿ ಮಗಳು ದಿನಾ ಸಂಜೆ ಈಜಿಪ್ಟಿಗೆ ಹೋಗಿಬರುತ್ತಿದ್ದಳು. ಅಸ್ಯಾಸಿನ್ಸ್ ಕ್ರೀಡ್ ಅನ್ನುವ ಕಂಪ್ಯೂಟರ್ ಗೇಮಿನವರು 2018ರಲ್ಲಿ ಡಿಸ್ಕವರಿ ಟೂರ್ ಅಂತ ಒಂದು ತಂದಿದ್ದಾರೆ. ಅದರಲ್ಲಿ ಹೊಡೆದಾಟ ಇಲ್ಲ. ಕ್ಲಿಯೋಪಾತ್ರಳ ಕಾಲದ ಈಜಿಪ್ಟಿನಲ್ಲಿ ಸುಮ್ನೆ ತಿರುಗಾಡುವುದು, ನಿಂತಲ್ಲಿ ವಿವರ ಕೇಳುವುದು. ನನ್ನ ಅಣ್ಣನ ಮಗ ರಜೆ ಮುಗಿಯುವವರೆಗೂ ತನ್ನ ಲ್ಯಾಪ್‌ಟಾಪ್ ಬಿಟ್ಟು ಹೋಗಿದ್ದ.

"ಏಳನೇ ಕ್ಲಾಸಿನ ಹುಡುಗಿಗೆ ಗೇಮ್ ಕೊಟ್ಟು ಕೂರಿಸಿದ್ದೀರಲ್ಲ" ಎಂದವರಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಲೆಕ್ಸಾಂಡ್ರಿಯಾದ ದೀಪಸ್ತಂಭ ಈಗ ಇಲ್ಲ. ಭೂಕಂಪಗಳಿಗೆ ಸಿಕ್ಕಿ ಬಿತ್ತು, ಅದರ ಎಷ್ಟೋ ಕಲ್ಲುಗಳು ಸಮುದ್ರದ ತಳದಲ್ಲಿವೆ. ಅದು 100 ಮೀಟರಿನಷ್ಟು ಎತ್ತರ ಇತ್ತು ಅಂತ ಪುಸ್ತಕದಲ್ಲಿ ಓದಿದರೆ ಮನಸ್ಸಿಗೆ ಏನೂ ಹತ್ತುವುದಿಲ್ಲ. ಗೇಮಿನಲ್ಲಿ ಮಗಳು ಅದರ ಬುಡದಲ್ಲಿ ನಿಂತು ಮೇಲೆ ನೋಡಿ, "ಅಮ್ಮಾ, ನಮ್ಮ ಬಿಲ್ಡಿಂಗ್ ಐದು ಸಲ ಪೇರಿಸಬೇಕು" ಅಂದಳು. ನಮ್ಮದು ಏಳು ಮಾಳಿಗೆ. ಲೆಕ್ಕ ಹಾಕಿ ನೋಡಿದೆ, ಸರಿಯಾಗಿತ್ತು.

ಆದರೆ ನನ್ನ ಮನಸ್ಸು ಗೆದ್ದಿದ್ದು ಒಂದು ಶಾಲೆ. ಮಕ್ಕಳು ಕೂತು ಪಾಠ ಕೇಳುತ್ತಿದ್ದಾರೆ. ಗಂಡು, ಹೆಣ್ಣು ಎರಡೂ. ಅಲ್ಲೇ ಗೇಮ್ ಮಾಡಿದವರದ್ದೊಂದು ಟಿಪ್ಪಣಿ ಇದೆ. ಆ ಕಾಲದಲ್ಲಿ ನಿಜವಾಗಿ ಶಾಲೆಗೆ ಹೋಗುತ್ತಿದ್ದವರು ಹುಡುಗರು, ಹುಡುಗಿಯರನ್ನೂ ಕೂರಿಸಿದ್ದು ನಮ್ಮ ತೀರ್ಮಾನ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಇದರಲ್ಲಿ ಕನ್ನಡ ಇಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬಿಡಿಸಿ ಹೇಳಿದೆ.

ಮಗಳು ಲ್ಯಾಪ್‌ಟಾಪಿನಿಂದ ಕೈ ತೆಗೆದಳು. "ಹಾಗಾದ್ರೆ ಇವರು ಸುಳ್ಳು ತೋರಿಸಿದ್ರಾ?"

ಅವತ್ತು ರಾತ್ರಿ ಊಟದ ಹೊತ್ತಿಗೂ ಅದೇ ಮಾತು. ನಾನು ಕುಂದಾಪುರದ ನನ್ನ ಅಮ್ಮಮ್ಮನ ಕತೆ ಹೇಳಿದೆ. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹಾಲಿನ ಲೆಕ್ಕಕ್ಕೆ ಅಡುಗೆಮನೆ ಗೋಡೆ ಮೇಲೆ ಮಸಿಯಲ್ಲಿ ಗೀಟು ಎಳೆಯುತ್ತಿದ್ದರು. ಐದಾದರೆ ಅಡ್ಡಗೀಟು. ಮಗಳು ಈ ಕತೆ ಕೇಳಿದ್ದು ಅದೇ ಮೊದಲು. ಈಜಿಪ್ಟಿನ ಶಾಲೆ ನೋಡದಿದ್ದರೆ ನಾನು ಹೇಳುತ್ತಲೂ ಇರಲಿಲ್ಲ.

ಇಂಥ ಲೋಕಗಳನ್ನು ಕಟ್ಟುವವರು ಎಲ್ಲೋ ಒಂದು ಕಡೆ ಊಹೆ ಮಾಡಲೇಬೇಕು. ಗೋಡೆಯ ಬಣ್ಣ, ಸಂತೆಯ ಗದ್ದಲ, ಜನರ ನಡಿಗೆ ಯಾವುದೂ ಅಗೆದರೆ ಪೂರ್ತಿ ಸಿಗುವಂಥದ್ದಲ್ಲ. ಊಹೆ ಮಾಡಿದ್ದು ತಪ್ಪಲ್ಲ, ಅದನ್ನು ಮುಚ್ಚಿಡುವುದು ತಪ್ಪು. ಯಾವುದು ಸಿಕ್ಕಿದ್ದು, ಯಾವುದು ಊಹೆ, ಯಾವುದನ್ನು ಬೇಕಂತಲೇ ಬದಲಿಸಿದ್ದು ಅಂತ ಮಕ್ಕಳಿಗೆ ಹೇಳಲೇಬೇಕು. ಮಗಳ ಶಾಲೆಗೂ ಹಿಂದೊಮ್ಮೆ ಒಂದು ಕಂಪನಿಯವರು ಕಣ್ಣಿಗೆ ಕಟ್ಟುವ ವಿಆರ್ ಪೆಟ್ಟಿಗೆ ತಂದಿದ್ದರು. ಒಬ್ಬೊಬ್ಬರಿಗೆ ಐದು ನಿಮಿಷ. ಪಿರಮಿಡ್ಡಿನ ಒಳಗೆ ಮಮ್ಮಿ ಎದ್ದು ಕೂರುತ್ತದೆ, ಮಕ್ಕಳು ಕಿರುಚುತ್ತಾರೆ, ಅಷ್ಟೇ. ಇತಿಹಾಸದ ಹೆಸರಲ್ಲಿ ಹಣ ತೆಗೆದುಕೊಂಡು ಮಕ್ಕಳನ್ನು ಹೆದರಿಸಿ ಕಳಿಸಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಆ ಡಿಸ್ಕವರಿ ಟೂರಿನ ಹಾಗೆ ನಮ್ಮ ಕಾನ್ಹೇರಿಯನ್ನೂ ಯಾರಾದರೂ ಕಟ್ಟಿಕೊಡಬೇಕು ಅಂತ ತುಂಬಾ ಆಸೆ ಇದೆ. ಬೋರಿವಲಿಯ ಕಾಡಿನೊಳಗೆ ನೂರಕ್ಕೂ ಜಾಸ್ತಿ ಗುಹೆಗಳು. ಬೌದ್ಧ ಭಿಕ್ಷುಗಳು ಸಾವಿರ ವರ್ಷದಷ್ಟು ಕಾಲ ಬಾಳಿದ ಜಾಗ. ನಮ್ಮ ನೃಪತುಂಗನ ಹೆಸರಿರುವ ಶಾಸನಗಳೂ ಅಲ್ಲಿವೆ, ಒಂಬತ್ತನೇ ಶತಮಾನದವು. ಮುಂಬಯಿ ಕನ್ನಡಿಗರಲ್ಲಿ ಎಷ್ಟು ಜನ ಮಕ್ಕಳಿಗೆ ಇದನ್ನು ಹೇಳಿದ್ದೇವೆ?

ರಜೆಯ ಕೊನೇ ಭಾನುವಾರ ದಾದರಿನಲ್ಲಿ ಲೋಕಲ್ ಬದಲಿಸಿ ಕಾನ್ಹೇರಿಗೆ ಹೋದೆವು. ಮೊದಲಾಗಿದ್ದರೆ ಮಗಳು ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು ಹಸಿವು ಅನ್ನುತ್ತಿದ್ದಳು. ಈ ಸಲ ಗುಹೆಗಳ ಬಳಿ ಕಲ್ಲಲ್ಲೇ ಕೊರೆದ ನೀರಿನ ತೊಟ್ಟಿಗಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮಳೆನೀರು ಯಾವ ಕಾಲುವೆಯಲ್ಲಿ ಇಳಿದು ಬರುತ್ತದೆ ಅಂತ ಬೆರಳು ತೋರಿಸಿಕೊಂಡು ಬಂಡೆ ಮೇಲಕ್ಕೆ ಹತ್ತಿದಳು. ಅವಳ ಅಪ್ಪ ಹಿಂದಿನಿಂದ ಓಡಬೇಕಾಯಿತು.

ಆಮೇಲೆ ನಾನು ಶಾಸನಗಳನ್ನು ತೋರಿಸಿದೆ. ಗುಹೆಗೆ, ತೊಟ್ಟಿಗೆ ದಾನ ಕೊಟ್ಟವರ ಹೆಸರು, ಊರು ಕೊರೆದಿದ್ದಾರೆ. ಸೋಪಾರ, ಕಲ್ಯಾಣ.

"ಕಲ್ಯಾಣ್ ಅಂದ್ರೆ ನಮ್ಮ ಕಲ್ಯಾಣ್ ಲೋಕಲ್ ಕಲ್ಯಾಣಾ?"

ಅದೇ ಕಲ್ಯಾಣ ಅಂದೆ. ದಾನ ಕೊಟ್ಟವರಲ್ಲಿ ವ್ಯಾಪಾರಿಗಳಿದ್ದರು, ಭಿಕ್ಷುಣಿಯರೂ ಇದ್ದರು ಅಂತ ಹೇಳಿದೆ. ಅವಳು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಮ್ಮಾ, ಅವರಿಗೆ ಇಲ್ಲಿ ಕೊರೆದಿರೋ ತಮ್ಮ ಹೆಸರು ಓದೋಕೆ ಬರ್ತಿತ್ತಾ?"